ಸಿಡಿಯದೆ ಉಳಿದ ಕುಳಿ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕವಲೊಡೆಯುವ ರೈಲುಹಾದಿಯೊಂದು 16 ಕಿ.ಮೀ. ಓಡಿ ಮಾರಿಕುಪ್ಪಂ ಎಂಬಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಎಂಬ ನಿಲ್ದಾಣಗಳ ಹೆಸರು ಓದುತ್ತಾ ಹೋದರೆ ಸಾಕು, ಅರ್ಧ ಚರಿತ್ರೆ ತಿಳಿಯುತ್ತದೆ. ಕೆಲವು ಹೆಸರು ಈ ನೆಲದವು, ಕೆಲವು ಹಡಗು ಹತ್ತಿ ಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹಾದಿಯನ್ನು ಹಾಕಿದ್ದೇ ಚಿನ್ನದ ಗಣಿಗಳಿಗಾಗಿ. ಇಂದು ಅದೇ ಹಾದಿಯಲ್ಲಿ ಬೆಳಕು ಹರಿಯುವ ಮೊದಲೇ ಸಾವಿರಾರು ಜನ ಬುತ್ತಿಚೀಲ ಹಿಡಿದು ನೂರು ಕಿ.ಮೀ. ದೂರದ ಬೆಂಗಳೂರಿಗೆ ದುಡಿಯಲು ಹೊರಡುತ್ತಾರೆ. ಒಂದು ಕಾಲಕ್ಕೆ ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದ ಊರಿದು. ಈಗ ಕೆಲಸ ಹುಡುಕಿಕೊಂಡು ಹೋಗುವವರ ಊರು.

ಕೋಲಾರ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್., ಎಂದೊಡನೆ ಇಂದಿನ ಹುಡುಗರಿಗೆ 2018ರಲ್ಲಿ ತೆರೆಕಂಡ ಚಲನಚಿತ್ರ ನೆನಪಾಗುತ್ತದೆ. ಆ ಚಿತ್ರದಲ್ಲಿ ಕಾಣುವ ಬೂದು ಬಣ್ಣದ ಬೋಳುಗುಡ್ಡಗಳು ಇಲ್ಲಿನವೇ. ಅವು ದೇವರು ಮಾಡಿದ ಗುಡ್ಡಗಳಲ್ಲ. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಎದ್ದ ರಾಶಿಗಳು. ಊರವರು ಅವನ್ನು 'ಸೈನೈಡ್ ಗುಡ್ಡ'ಗಳೆಂದೇ ಕರೆಯುತ್ತಾರೆ. ಗಾಳಿ ಬೀಸಿದರೆ ನುಣುಪಾದ ಧೂಳು ಮನೆಯೊಳಗೆಲ್ಲ ಬಂದು ಕೂರುತ್ತದೆ. ಮೂರು ಕೋಟಿ ಟನ್ನಿಗೂ ಮಿಕ್ಕ ಈ ಮಣ್ಣಿನ ಮುಂದೆ ಅದರಿಂದ ಬಂದ ಚಿನ್ನ ಸುಮಾರು 800 ಟನ್ನು ಮಾತ್ರ.

ನಾವು ಅಲ್ಲಿಗೆ ಹೋದದ್ದು ಒಂದು ಭಾನುವಾರ. ಜೊತೆಗೆ ನಮ್ಮ ಬೀದಿಯ ಮಿತ್ರರೊಬ್ಬರು, ಡಿಪ್ಲೊಮಾ ಓದುತ್ತಿರುವ ಅವರ ಮಗ. ಹುಡುಗನಿಗೆ ಗಣಿ ನೋಡುವ ಹುಮ್ಮಸ್ಸು. ತಂದೆಗೆ, ಮಗ ನಾಳೆ ಎಂಥ ಕೆಲಸಕ್ಕೆ ಸೇರಿಯಾನು ಎಂಬ ಯೋಚನೆ. ಗಣಿಯ ಒಳಗಂತೂ ಈಗ ಹೋಗುವಂತಿಲ್ಲ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಆಳದಲ್ಲಿ ನೀರು ತುಂಬಿದೆ. ಮೇಲೆ ಉಳಿದಿರುವುದು ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಸಾಲುಸಾಲಾಗಿ ಕಟ್ಟಿದ ಕಾರ್ಮಿಕರ ಪುಟ್ಟ ಮನೆಗಳು, ವಿಶಾಲ ತೋಟಗಳ ನಡುವಿನ ಹಳೆಯ ಬಂಗಲೆಗಳು. ಆದರೂ ಇಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚಿದೆ.

ಆಳಕ್ಕೆ ಇಳಿದ ಊರು

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿ ಈ ಭಾಗದ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. 1870ರ ದಶಕದಲ್ಲಿ ಲೆವೆಲ್ಲೆ ಎಂಬ ನಿವೃತ್ತ ಸಿಪಾಯಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪೆನಿಯ ಆಡಳಿತ ಬಂತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ತಂತಿಯ ಮೇಲೆ ನೂರಾರು ಹಳ್ಳಿಗಳನ್ನು ದಾಟಿ ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ. 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಬಳಿಕ ಅವು ಕೇಂದ್ರದ ಕೈಗೆ ಹೋದವು.

ಚಿನ್ನದ ಎಳೆ ಹೋದ ಕಡೆ ಮನುಷ್ಯ ಹೋದ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೊಂದು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿಯನ್ನು ದೂಡದಿದ್ದರೆ ಮನುಷ್ಯ ಅಲ್ಲಿ ಬಾಳಲಾರ. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ಒಂದು ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋ. ಉಗುರಿನಗಲ ಜಾಗದ ಮೇಲೆ ಒಂದು ಸಣ್ಣ ಕಾರನ್ನು ನಿಲ್ಲಿಸಿದ ಹಾಗೆ! ಇಂಥ ಕಡೆ ದಿನಕ್ಕೆ ಮೂರು ಪಾಳಿಯಲ್ಲಿ ಮನುಷ್ಯರು ಇಳಿದು, ಕೊರೆದು, ಸಿಡಿಸಿ, ಮೇಲೆ ಬರುತ್ತಿದ್ದರು. ಒಬ್ಬ ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಈ ಊರಿನ ಪಾಠವೆಲ್ಲ ಇರುವುದು ಈ ಕೊನೆಯ ಮಾತಿನಲ್ಲೇ.

ಎಣಿಸಿದ ಸದ್ದು

ಚಾಂಪಿಯನ್ ರೀಫ್ಸಿನ ಚಹಾದಂಗಡಿಯೊಂದರಲ್ಲಿ ಹಿರಿಯರೊಬ್ಬರು ಸಿಕ್ಕರು. ಮೂವತ್ತು ವರ್ಷ ನೆಲದಡಿ ದುಡಿದು, ಗಣಿ ಮುಚ್ಚಿದಾಗ ಮನೆಗೆ ಬಂದವರು. ಮನೆಮಾತು ತಮಿಳು. ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು. ಗಣಿಯಲ್ಲಿ ತುಂಬ ಧೈರ್ಯ ಬೇಕಲ್ಲವೇ ಎಂದು ನಮ್ಮ ಹುಡುಗ ಕೇಳಿದ. ಅವರು ನಕ್ಕು, ಧೈರ್ಯವಂತರನ್ನು ಕಂಡರೆ ತಮಗೆಲ್ಲ ಭಯವಿತ್ತು ಎಂದರು. ಅವರಿಗೆ ಬೇಕಾಗಿದ್ದದ್ದು ಎಣಿಸುವವರು.

ಏನನ್ನು ಎಣಿಸುವುದು? ಅವರು ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಬಂಡೆಗೆ ಉದ್ದನೆಯ ಕುಳಿಗಳನ್ನು ಕೊರೆದು, ಅದರೊಳಗೆ ಸಿಡಿಮದ್ದು ತುಂಬಿ, ಬತ್ತಿ ಕಟ್ಟುತ್ತಾರೆ. ಒಂದಾದ ಮೇಲೊಂದು ಸಿಡಿಯುವಂತೆ ಬತ್ತಿಗಳ ಉದ್ದ ಹೊಂದಿಸಿರುತ್ತಾರೆ. ಕಿಡಿ ಹೊತ್ತಿಸಿ ಎಲ್ಲರೂ ದೂರ ಸರಿದ ಮೇಲೆ ಮದ್ದಿನ ಹೊಣೆ ಹೊತ್ತವನ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ಅವನು ಸದ್ದುಗಳನ್ನು ಎಣಿಸಬೇಕು. ಹನ್ನೆರಡು ಕುಳಿ ತುಂಬಿದ್ದರೆ ಹನ್ನೆರಡು ಸದ್ದು ಕೇಳಬೇಕು. ಹನ್ನೊಂದೇ ಕೇಳಿದರೆ, ಅಥವಾ ಹನ್ನೊಂದೋ ಹನ್ನೆರಡೋ ಎಂಬ ಅನುಮಾನ ಬಂದರೂ ಸಾಕು, ಅರ್ಧ ಗಂಟೆ ಯಾರೂ ಅತ್ತ ಸುಳಿಯಬಾರದು. ಒಂದು ಕುಳಿ ಸಿಡಿಯದೆ ಉಳಿದಿರಬಹುದು. ಗಣಿಯವರ ಮಾತಿನಲ್ಲಿ ಅದು 'ಮಿಸ್‌ಫೈರ್'.

ಅಂಥ ಕುಳಿಯನ್ನು ಕೆದಕುವಂತಿಲ್ಲ. ಅದರ ಪಕ್ಕದಲ್ಲಿ, ಕಡಿಮೆಯೆಂದರೆ 30 ಸೆಂಟಿಮೀಟರು ಬಿಟ್ಟು, ಅದಕ್ಕೆ ಸಮಾನಾಂತರವಾಗಿ ಹೊಸ ಕುಳಿ ಕೊರೆದು, ಅದನ್ನು ಸಿಡಿಸಿ ಹಳೆಯದರ ಅಪಾಯ ಕಳೆಯಬೇಕು. ಅಷ್ಟರಲ್ಲಿ ಪಾಳಿ ಮುಗಿದುಹೋದರೆ? ಆಗ ಅವನು ಮುಂದಿನ ಪಾಳಿಯವನಿಗೆ ಅದನ್ನು ತಿಳಿಸಿ, ಪುಟಸಂಖ್ಯೆ ಹಾಕಿ ಹೊಲಿದ ಪುಸ್ತಕದಲ್ಲಿ ಬರೆದು, ಬಂದವನ ಸಹಿ ಪಡೆದು ಹೋಗಬೇಕು. ಇದು ಯಾರೋ ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ಮಾತಲ್ಲ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲೇ ಇರುವ ವಿಧಿ.

ಓದುಗರು ಒಂದು ಕ್ಷಣ ಆ ಮನುಷ್ಯನ ಜಾಗದಲ್ಲಿ ನಿಂತು ನೋಡಬೇಕು. ಎಂಟು ಗಂಟೆ ಬೆವರಿ ಬಸವಳಿದಿದ್ದಾನೆ. ಮೇಲೆ ಹೋಗುವ ಪಂಜರ ಕಾಯುತ್ತಿದೆ, ತಪ್ಪಿದರೆ ಇನ್ನೊಂದಕ್ಕೆ ನಿಲ್ಲಬೇಕು. ಸಿಡಿಯದ ಕುಳಿ ಅವನನ್ನು ಇನ್ನು ಏನೂ ಮಾಡದು. ಅದು ಕಾದಿರುವುದು ಬರುವವನಿಗೆ, ಬಹುಶಃ ಅವನಿಗೆ ಹೆಸರೂ ಗೊತ್ತಿಲ್ಲದ ಒಬ್ಬ ಡ್ರಿಲ್ಲರನಿಗೆ. ಸುಮ್ಮನೆ ಹೊರಟುಹೋದರೆ ಕೇಳುವವರಾರು? ಆದರೂ ನಿಂತು, ಹೇಳಿ, ಬರೆದು, ಸಹಿ ಪಡೆದು ಹೋಗುತ್ತಾನೆ. ಹೊಣೆಗಾರಿಕೆ ಎಂಬ ದೊಡ್ಡ ಪದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಖಚಿತವಾದ ಅರ್ಥ ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ಇಂಥವೇ ಇನ್ನೂ ಕೆಲವು ರೂಢಿಗಳು. ಕೆಳಗಿಳಿಯುವ ಮೊದಲು ನಂಬರು ಕೊರೆದ ಬಿಲ್ಲೆ ಪಡೆಯುವುದು, ಮೇಲೆ ಬಂದ ಮೇಲೆ ಹಿಂದಿರುಗಿಸುವುದು. ಮೊಳೆಯ ಮೇಲೆ ಒಂದು ಬಿಲ್ಲೆಯ ಜಾಗ ಖಾಲಿಯಿದ್ದರೆ ಒಬ್ಬ ಮನುಷ್ಯ ಕೆಳಗಿದ್ದಾನೆ ಎಂದರ್ಥ. ಕೆಲಸಕ್ಕೆ ಮೊದಲು ಕಬ್ಬಿಣದ ಸಲಾಕೆಯಿಂದ ಮೇಲ್ಛಾವಣಿಯ ಬಂಡೆಯನ್ನು ಬಡಿದು ಕೇಳುವುದು. ಗಂಟೆಯಂತೆ ಠಣ್ಣೆಂದರೆ ಗಟ್ಟಿ, ಒಡಕು ಮಡಕೆಯಂತೆ ಬೊದ್ದು ಸದ್ದು ಬಂದರೆ ಸಡಿಲ. ಸಡಿಲವನ್ನು ಕೆಡವಿದ ಮೇಲೆಯೇ ಮುಂದಿನ ಹೆಜ್ಜೆ. ಸಂತೆಯಲ್ಲಿ ನಮ್ಮ ಹೆಂಗಸರು ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಅದೇ ಜಾಣ್ಮೆ. ವ್ಯತ್ಯಾಸವಿಷ್ಟೆ, ಇಲ್ಲಿ ಒಡಕು ಗೊತ್ತಾಗದಿದ್ದರೆ ಹೋಗುವುದು ದುಡ್ಡಲ್ಲ.

ಹೇಳದೆ ಉಳಿದ ಮಾತಿನ ಬೆಲೆ

ಹೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಗಣಿಗಳಿಂದಲೇ ಉದಾಹರಣೆ ಕೊಡಬೇಕಾಗಿಲ್ಲ. ಪಾಳಿಯ ಮೇಲೆ ಪಾಳಿ ನಡೆಯುವ ಕಡೆಯೆಲ್ಲ ಇದೇ ಕಥೆ. ಇದರ ಅತಿ ದೊಡ್ಡ ಪಾಠ ಬರೆದಿರುವುದು ಇಲ್ಲಿಂದ ಸಾವಿರಾರು ಮೈಲಿ ದೂರದ ಕಡಲಿನಲ್ಲಿ. ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಾಚೆ, ಉತ್ತರ ಸಮುದ್ರದ ನಡುವೆ, ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಿತ್ತು. 1988ರ ಜುಲೈ 6ರಂದು ಅಲ್ಲಿನ ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆಂದು ಹಗಲು ಪಾಳಿಯವರು ಬಿಚ್ಚಿದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಕವಾಟವಿದ್ದ ಜಾಗಕ್ಕೆ ಒಂದು ಬಿಲ್ಲೆಮುಚ್ಚಳ ಹಾಕಿದರು. ಕವಾಟ ಇಲ್ಲವೆಂಬ ಸಂಗತಿ ರಾತ್ರಿ ಪಾಳಿಯವರನ್ನು ಮುಟ್ಟಲೇ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಇನ್ನೊಂದು ಪಂಪು ಕೈಕೊಟ್ಟಿತು. ಮೊದಲಿನ ಪಂಪನ್ನು ಚಾಲೂ ಮಾಡಿದರು. ಅನಿಲ ಸೋರಿತು, ಸ್ಫೋಟವಾಯಿತು. ಅಕ್ಕಪಕ್ಕದ ವೇದಿಕೆಗಳ ಹಿರಿಯರು, ದೂರದಲ್ಲಿ ಬೆಂಕಿ ಕಾಣುತ್ತಿದ್ದರೂ, ತೈಲ ದೂಡುವುದನ್ನು ಕೂಡಲೇ ನಿಲ್ಲಿಸಲು ಹಿಂಜರಿದರು. ಒಟ್ಟು 167 ಜನ ಸತ್ತರು.

ಲಾರ್ಡ್ ಕಲನ್ ಅವರ ವಿಚಾರಣಾ ವರದಿ 1990ರಲ್ಲಿ ಹೊರಬಂತು. ಅದರಲ್ಲಿ 106 ಶಿಫಾರಸುಗಳಿದ್ದವು. ಅದು ಬೆರಳು ಮಾಡಿದ್ದು ಒಬ್ಬನ ಮೇಲಲ್ಲ. ಪಾಳಿ ಬದಲಾಗುವಾಗ ಮಾತು ಸರಿಯಾಗಿ ದಾಟಿಸದ ರೂಢಿ, ಕೆಲಸದ ಪರವಾನಗಿ ಚೀಟಿಯನ್ನು ಬರೇ ಕಾಗದವೆಂದು ಕಂಡ ರೂಢಿ, ಅದನ್ನು ಪರಿಶೀಲಿಸದ ಆಡಳಿತ, ಇವುಗಳ ಮೇಲೆ. ಅಲ್ಲಿಯೂ ನಿಯಮವಿತ್ತು, ಪುಸ್ತಕವಿತ್ತು, ಸಹಿಗೆ ಜಾಗವಿತ್ತು. ಇರಲಿಲ್ಲದ್ದು ಒಂದೇ: ಹೋಗುವವನು ಬರುವವನ ಮುಖ ನೋಡಿ ಹೇಳುವ ಎರಡು ನಿಮಿಷ.

ಒಬ್ಬನ ಎಚ್ಚರ ಸಾಲದ ಕಡೆ

ಇಷ್ಟು ಕೇಳಿದ ಮೇಲೆ ನಮ್ಮ ಮಿತ್ರರು, ಹಾಗಾದರೆ ಕೆಲಸಗಾರ ಎಚ್ಚರದಿಂದ ಇದ್ದರೆ ಆಯಿತು, ಅಪಾಯವಿಲ್ಲ ಎಂದರು. ಹಿರಿಯರು ತಲೆಯಾಡಿಸಿದರು, ಒಪ್ಪಿದ್ದಕ್ಕಲ್ಲ. ಅವರು ಹೇಳಿದ್ದು 'ಬರ್ಸ್ಟ್' ಬಗ್ಗೆ.

ಬಂಡೆ ತುಂಬ ಆಳದಲ್ಲಿ ಒತ್ತಡಕ್ಕೆ ಸಿಕ್ಕಿರುತ್ತದೆ. ನಡುವಿನಿಂದ ಅದಿರನ್ನು ತೆಗೆದಂತೆ ಉಳಿದ ಬಂಡೆಯ ಮೇಲೆ ಹೊರೆ ಇನ್ನೂ ಏರುತ್ತದೆ. ಒಂದು ಹೊತ್ತಿನಲ್ಲಿ, ಸುಳಿವು ಕೊಡದೆ, ಬಂಡೆ ತಾನಾಗಿಯೇ ಸಿಡಿಯುತ್ತದೆ. ಇದೇ ಶಿಲಾಸ್ಫೋಟ. ಕೋಲಾರದ ಗಣಿಗಳು ಇದಕ್ಕೆ ಜಗತ್ತಿನಲ್ಲೇ ಹೆಸರಾಗಿದ್ದವು. ಮೇಲೆ ಊರಿನ ಮನೆಗಳಲ್ಲಿ ಪಾತ್ರೆಗಳು ಅಲುಗಾಡಿದರೆ, ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಗಣಿಬಾಯಿಯ ಕಡೆ ಓಡುತ್ತಿದ್ದರಂತೆ. ಆ ದಿನ ಯಾರ ಮನೆಯ ಬಿಲ್ಲೆ ಮೊಳೆಗೆ ಮರಳುವುದಿಲ್ಲವೋ ಯಾರಿಗೆ ಗೊತ್ತು?

ಇದಕ್ಕೆ ಒಬ್ಬ ಡ್ರಿಲ್ಲರನ ಎಚ್ಚರ ಏನು ಮಾಡೀತು? ಅವನು ಸಲಾಕೆಯಿಂದ ಎಷ್ಟೇ ಬಡಿದು ನೋಡಿದರೂ ಬಂಡೆಯ ಹೊಟ್ಟೆಯೊಳಗಿನ ಒತ್ತಡ ತಿಳಿಯದು. ಅಲ್ಲಿ ಬೇಕಾದದ್ದು ಗಣಿಯನ್ನು ತೆಗೆಯುವ ಕ್ರಮವನ್ನೇ ಬದಲಿಸುವುದು. ಯಾವ ಭಾಗವನ್ನು ಮೊದಲು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ. ಮರದ ಆಸರೆಯ ಬದಲು ಗ್ರಾನೈಟ್ ಕಲ್ಲಿನ ಕಟ್ಟಡ, ಆಮೇಲೆ ಕಾಂಕ್ರೀಟು. ಬಂಡೆಯ ಸಣ್ಣ ಮಿಡಿತಗಳನ್ನೂ ಹಿಡಿಯುವ ಕಂಪನಮಾಪಕಗಳ ಜಾಲ. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಈ ಊರಿನಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ. ಇಲ್ಲಿ ಸಿಡಿದ ಬಂಡೆಗಳು ಕಲಿಸಿದ ವಿದ್ಯೆ ಇಂದು ದೇಶದ ಸುರಂಗಗಳಿಗೆ, ಜಲವಿದ್ಯುತ್ ಯೋಜನೆಗಳಿಗೆ ಬಳಕೆಯಾಗುತ್ತಿದೆ. ಈ ಹೊಣೆ ಹೊರಬೇಕಾದವರು ಎಂಜಿನಿಯರುಗಳು, ಹಣ ಮಂಜೂರು ಮಾಡುವ ಆಡಳಿತಗಾರರು.

ಇನ್ನೊಂದು ಶತ್ರು ಸದ್ದೇ ಮಾಡದು. ಅದು ಧೂಳು. ಬಂಡೆ ಕೊರೆದಾಗ ಏಳುವ ಸಿಲಿಕಾದ ಕಣಗಳಲ್ಲಿ ಅತಿ ಸಣ್ಣವು ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ಧೂಳು ಮೂಗಿನಲ್ಲಿ ನಿಂತೀತು. ಕಾಣದ ಧೂಳು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಕಲ್ಲಿನಂತೆ ಕೂರುತ್ತದೆ. ಹತ್ತು, ಹದಿನೈದು ವರ್ಷದ ಮೇಲೆ ಉಸಿರಿಗೆ ಬರ. ಇದು ಸಿಲಿಕೋಸಿಸ್. ಬಂದದ್ದು ಮರಳಿ ಹೋಗುವ ಕಾಯಿಲೆಯಲ್ಲ. ಇಡೀ ದೇಶದಲ್ಲಿ ಈ ರೋಗದ ವರದಿ ಮೊದಲು ಬಂದದ್ದು 1940ರ ದಶಕದಲ್ಲಿ, ಇದೇ ಕೋಲಾರದ ಗಣಿಗಳಿಂದ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಕಾರ್ಮಿಕನಿಗೆ ಹೇಳಿದರೆ ಇದು ನಿಲ್ಲುವುದಿಲ್ಲ. ನೀರು ಚಿಮ್ಮಿಸುತ್ತಾ ಕೊರೆಯುವ ಯಂತ್ರ ಬೇಕು, ಗಾಳಿ ಓಡಾಡುವ ವ್ಯವಸ್ಥೆ ಬೇಕು, ಕಾಲಕಾಲಕ್ಕೆ ಎಕ್ಸ್‌ರೇ ಬೇಕು. ಇವೆಲ್ಲ ಮಾಲೀಕ ಮಾಡಬೇಕಾದ ಕೆಲಸಗಳು.

ಹೀಗಿರುವಾಗ ಅವಘಡವಾದ ಮಾರನೆಯ ದಿನ 'ಕಾರ್ಮಿಕನ ಅಜಾಗರೂಕತೆ' ಎಂದು ಒಂದೇ ಸಾಲು ಬರೆದು ಕಡತ ಮುಚ್ಚುವುದು ಎಷ್ಟು ಸುಲಭ! ಸತ್ತವನು ಎದ್ದುಬಂದು ಉತ್ತರ ಕೊಡಲಾರ. ಅವನಿಗೆ ದಣಿವಾಗಿತ್ತೇ, ಯಾರಾದರೂ ಆತುರ ಮಾಡಿದ್ದರೇ, ಹಿಂದಿನ ಪಾಳಿಯವನು ಹೇಳಲು ಬಂದಾಗ ಮೇಸ್ತ್ರಿ ಕಿವಿಗೊಟ್ಟಿದ್ದನೇ ಎಂದು ಕೇಳುವವರು ಕಡಿಮೆ. ಹಾಗೆಂದು ಎಲ್ಲ ತಪ್ಪೂ ಮೇಲಿನವರದೇ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಎಷ್ಟೇ ಒಳ್ಳೆಯ ಯಂತ್ರ ತಂದುಕೊಟ್ಟರೂ ಹನ್ನೊಂದು ಸದ್ದನ್ನು ಹನ್ನೆರಡು ಎಂದು ಹೇಳಿಬಿಡುವ ಮನುಷ್ಯನಿಂದ ಯಾವ ಸರ್ಕಾರವೂ ಕಾಪಾಡಲಾರದು. ಎರಡು ಕೈ ಸೇರಿದರೆ ಚಪ್ಪಾಳೆ ಎಂಬ ಗಾದೆ ಜಗಳಕ್ಕೆ ಮಾತ್ರವಲ್ಲ, ಸುರಕ್ಷತೆಗೂ ಸಲ್ಲುತ್ತದೆ.

ಬೇಡ ಎನ್ನುವವನ ಕಥೆ

ನಮ್ಮ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಬಂಡೆಯ ಸದ್ದು ಸರಿಯಿಲ್ಲ, ಇವತ್ತು ಇಲ್ಲಿ ಕೆಲಸ ಬೇಡ ಎಂದು ಸಾಮಾನ್ಯ ಕೆಲಸಗಾರ ಹೇಳಿದರೆ ಏನಾಗುತ್ತಿತ್ತು? ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಮೇಸ್ತ್ರಿಯ ಮೇಲೆ ಹೋಗುತ್ತಿತ್ತು ಎಂದರು. ಒಳ್ಳೆಯ ಮೇಸ್ತ್ರಿ ತಾನೇ ಬಂದು ಸಲಾಕೆ ಹಿಡಿದು ಬಡಿದು ನೋಡುತ್ತಿದ್ದ. ಇನ್ನೊಬ್ಬ, ಹೆದರುಪುಕ್ಕಲ ಎಂದು ನಗುತ್ತಿದ್ದ. ಎರಡನೆಯವನ ಕೈಕೆಳಗೆ ಜನ ಮಾತಾಡುವುದನ್ನೇ ಬಿಡುತ್ತಿದ್ದರು. ಮಾತು ನಿಂತ ಕಡೆ ಅಪಾಯ ಹೆಚ್ಚು ಎಂಬುದು ಅವರ ಅನುಭವ.

ಈ ಮಾತಿಗೆ ಈಗ ಜಗತ್ತಿನ ಒಪ್ಪಿಗೆಯೂ ಇದೆ. ಗಣಿಗಳ ಸುರಕ್ಷತೆ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1995ರಲ್ಲಿ ಅಂಗೀಕರಿಸಿದ 176ನೆಯ ಒಪ್ಪಂದ, ಗಂಭೀರ ಅಪಾಯವಿದೆಯೆಂದು ನಂಬಲು ಸಕಾರಣವಿದ್ದರೆ ಆ ಜಾಗದಿಂದ ಸರಿಯುವುದು ಕಾರ್ಮಿಕನ ಹಕ್ಕು ಎನ್ನುತ್ತದೆ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ದಿನಗೂಲಿಯವನು, ಗುತ್ತಿಗೆಯವನು, ನಾಳೆ ಬರಬೇಡ ಎಂದರೆ ಮನೆಯ ಒಲೆ ಆರುವವನು 'ಬೇಡ' ಎನ್ನುವುದು ಹೇಗೆ? ಅವನು ಹಾಗೆನ್ನಬಲ್ಲ ವಾತಾವರಣವನ್ನು ಕಟ್ಟುವುದಕ್ಕೇ ಸುರಕ್ಷತಾ ಸಂಸ್ಕೃತಿ ಎಂದು ಹೆಸರು. ಗೋಡೆಯ ಮೇಲೆ ಬಣ್ಣದ ಫಲಕ ತೂಗುಹಾಕುವುದಕ್ಕಲ್ಲ, ವರ್ಷಕ್ಕೊಮ್ಮೆ ಸಪ್ತಾಹ ಮಾಡಿ ಹಾರ ಹಾಕುವುದಕ್ಕೂ ಅಲ್ಲ.

ಚಹಾದಂಗಡಿಯಿಂದ ಎದ್ದು ನಾವು ಗಣಿಗೋಪುರವೊಂದರ ಬೇಲಿಯವರೆಗೆ ನಡೆದೆವು. ಆ ಗೋಪುರದ ತುದಿಯ ದೊಡ್ಡ ಗಾಲಿ ತಿರುಗುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿವೆ. ಈ ಗಣಿಯ ಆಳದಲ್ಲೇ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಸುಳಿವನ್ನು ಹಿಡಿದದ್ದು. ಅದನ್ನು ಕೇಳಿ ಹುಡುಗನ ಕಣ್ಣು ಅರಳಿತು. ಆ ವಿಜ್ಞಾನಿಗಳನ್ನು ಅಷ್ಟು ಆಳಕ್ಕೆ ಇಳಿಸಿ, ಮತ್ತೆ ಮೇಲೆ ತಂದದ್ದು ಪಂಜರದ ಎಂಜಿನ್ ನಡೆಸುವ ಒಬ್ಬ ಕೆಲಸಗಾರನ ಕೈ ಮತ್ತು ಗಂಟೆಯ ಸಂಕೇತವನ್ನು ತಪ್ಪದೆ ಬಾರಿಸಿದ ಇನ್ನೊಬ್ಬನ ಕೈ ಎಂಬುದನ್ನೂ ನೆನೆಯಬೇಕು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಏನೂ ಆಗದೆ ಹೋದ ದಿನಕ್ಕೆ ಸುದ್ದಿಯಿಲ್ಲ.

ತಂದೆತಾಯಂದಿರಿಗೆ ಒಂದು ಮಾತು

ಕೋಲಾರದ ಗಣಿಗಳು ಮುಚ್ಚಿದರೂ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ನಡೆಯುತ್ತಲೇ ಇದೆ. ಅಲ್ಲಿ ಇಂದಿಗೂ ಪಾಳಿ ಬದಲಾಗುತ್ತದೆ, ಮನುಷ್ಯರು ಕೆಳಗಿಳಿಯುತ್ತಾರೆ. ನಮ್ಮ ಮಕ್ಕಳೆಲ್ಲ ಗಣಿಗೇ ಹೋಗುವುದಿಲ್ಲ ನಿಜ. ಆದರೆ ವಿದ್ಯುತ್ ಕಂಬ ಹತ್ತುವವನು, ಮೆಟ್ರೋ ಸುರಂಗ ಕೊರೆಯುವವನು, ಔಷಧ ಕಾರ್ಖಾನೆಯ ಟ್ಯಾಂಕು ತೊಳೆಯುವವನು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸಿಗೆ ರೋಗಿಯನ್ನು ಒಪ್ಪಿಸುವ ಹಗಲು ಪಾಳಿಯ ನರ್ಸು, ಎಲ್ಲರ ಮುಂದೆಯೂ ಒಂದಲ್ಲ ಒಂದು ದಿನ ಸಿಡಿಯದೆ ಉಳಿದ ಕುಳಿ ಇರುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಮ್ಲದ ಸೀಸೆಗೆ ಹೆಸರುಪಟ್ಟಿ ಅಂಟಿಸದೆ ಎದ್ದುಹೋಗುವ ವಿದ್ಯಾರ್ಥಿಯ ಮುಂದೆಯೂ.

ಮಗನಿಗೋ ಮಗಳಿಗೋ ಕೆಲಸ ಸಿಕ್ಕಾಗ ನಾವು ಮೊದಲು ಕೇಳುವುದು ಸಂಬಳ, ಆಮೇಲೆ ಊರು, ಆಮೇಲೆ ರಜೆ. ಇನ್ನೆರಡು ಪ್ರಶ್ನೆ ಸೇರಿಸಿದರೆ ತಪ್ಪಿಲ್ಲ. ಅಪಾಯ ಕಂಡಾಗ ಹೇಳಿದವನನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ? ಪಾಳಿ ಒಪ್ಪಿಸಲು ಸಮಯ ಕೊಡುತ್ತಾರೆಯೇ, ಇಲ್ಲ ಓಡಿಸುತ್ತಾರೆಯೇ? ಇದರ ಜೊತೆಗೆ ಮನೆಯಲ್ಲೂ ಒಂದು ಪಾಠ ಆಗಬೇಕು. ಲೋಟ ಒಡೆದಾಗ ಬೈಗುಳಕ್ಕೆ ಹೆದರಿ ಚೂರುಗಳನ್ನು ಮೂಲೆಗೆ ಗುಡಿಸಿಟ್ಟ ಮಗು, ನಾಳೆ ಹನ್ನೊಂದು ಸದ್ದನ್ನು ಹನ್ನೆರಡು ಎಂದೀತು. ಒಡೆದುಹೋಯಿತು, ಅಲ್ಲಿ ಕಾಲಿಡಬೇಡಿ ಎಂದು ಕೂಗಿ ಹೇಳಿದ ಮಗುವಿಗೆ ಬೈಯದಿರುವುದೇ ಅದಕ್ಕೆ ಸಿಗುವ ಮೊದಲ ಸುರಕ್ಷತಾ ಶಿಕ್ಷಣ.

ಗಣಿಯ ಆ ಹೊಲಿದ ಪುಸ್ತಕದಲ್ಲಿ ಎರಡು ಸಹಿಗಳಿಗೆ ಜಾಗವಿತ್ತು. ಒಂದು, ಹೇಳಿ ಹೋಗುವವನದು. ಇನ್ನೊಂದು, ಕೇಳಿಸಿಕೊಂಡವನದು. ಒಂದೇ ಸಹಿಯಿದ್ದರೆ ಆ ಪುಟ ಅಪೂರ್ಣ. ನಮ್ಮ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಮೊದಲ ಸಹಿ ಹಾಕಲು ಸಿದ್ಧರಾದವರು ಬೇಕಾದಷ್ಟು ಜನ ಇದ್ದಾರೆ. ಎರಡನೆಯದಕ್ಕೆ ಪೆನ್ನು ತೆರೆಯುವ ಹಿರಿಯರು ಹೆಚ್ಚಬೇಕಾಗಿದೆ.